ಮಲ್ ದ್ವೀಪದ ಗಾಯಕ ಎಲ್ಲೂ ಕರಗಿಹೋಗಿಲ್ಲ

ಸ್ಕಾಟ್ಲೆಂಡಿನ ಕಾಲಿನ್ ಮ್ಯಾಕಿಂಟೈರ್ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಬರಹ ಓದಿ ಸಿಟ್ಟು ಬಂತು. ದ್ವೀಪದ ಹೆಸರು ಹಚ್ಚಿಕೊಂಡು ಒಂದೆರಡು ಆಲ್ಬಮ್ ಮಾಡಿದ, ಆಮೇಲೆ ಕರಗಿಹೋದ ಎಂಬುದು ಲೇಖಕರ ತೀರ್ಪು. ಎರಡು ಮಾತೂ ತಪ್ಪು.

ಮಲ್ ದ್ವೀಪದಲ್ಲಿ ಬೆಳೆದ ಈತ ಅಲ್ಲಿನ ಸ್ಥಳೀಯ ಇತಿಹಾಸ ಸಂಘದ ಹೆಸರನ್ನೇ ತನ್ನ ಸಂಗೀತಕ್ಕೆ ಇಟ್ಟುಕೊಂಡದ್ದು ನಿಜ: ‘ಮಲ್ ಹಿಸ್ಟಾರಿಕಲ್ ಸೊಸೈಟಿ’. ಅದನ್ನು ಮಾರಾಟದ ತಂತ್ರ ಎನ್ನುವವರು 2001ರ ‘ಲಾಸ್’ (ಅಗಲಿಕೆ) ಆಲ್ಬಮನ್ನು ಕಿವಿಗೊಟ್ಟು ಕೇಳಿರಲಾರರು. ಬಿಬಿಸಿ ಸ್ಕಾಟ್ಲೆಂಡಿನ ವರದಿಗಾರರಾಗಿದ್ದ ಈತನ ತಂದೆ ಕೆನ್ನಿ 1999ರಲ್ಲಿ ತೀರಿಕೊಂಡಿದ್ದರು. ಆ ಸಾವಿನ ನೆರಳು ಆಲ್ಬಮಿನ ಹೆಸರಿನಲ್ಲೇ ಇದೆ. ಅಜ್ಜ ಆಂಗಸ್ ಅಲ್ಲಿನ ಟೊಬರ್ಮೋರಿ ಊರಿನಲ್ಲಿ ಬ್ಯಾಂಕ್ ಮ್ಯಾನೇಜರ್, ದ್ವೀಪಕ್ಕೆಲ್ಲ ಕವಿ. ಹಾಡು ಕಟ್ಟುವುದು ಈತನಿಗೆ ಮನೆಯಿಂದಲೇ ಬಂದದ್ದು. ಯಾವುದೋ ಕಂಪನಿ ತೊಡಿಸಿದ ವೇಷವಲ್ಲ.

ಇನ್ನು, ಕರಗಿಹೋದದ್ದು ಎಲ್ಲಿ? 2003ರಲ್ಲಿ ‘ಅಸ್’, ಮರುವರ್ಷ ‘ದಿಸ್ ಈಸ್ ಹೋಪ್’, ಮುಂದೆ ಸ್ವಂತ ಹೆಸರಿನಲ್ಲೂ ಆಲ್ಬಮ್‌ಗಳು. 2015ರಲ್ಲಿ ಮೊದಲ ಕಾದಂಬರಿ ‘ದಿ ಲೆಟರ್ಸ್ ಆಫ್ ಐವರ್ ಪಂಚ್’, ಅದಕ್ಕೆ ಎಡಿನ್‌ಬರೊ ಪುಸ್ತಕೋತ್ಸವದ ಪ್ರಶಸ್ತಿ. 2018ರ ಆಲ್ಬಮ್ ‘ವೇಕ್‌ಲೈನ್ಸ್’ ನಿರ್ಮಿಸಿದವರು ಸ್ವೀಡ್ ತಂಡದ ಹಳೆಯ ಗಿಟಾರ್ ವಾದಕ ಬರ್ನಾರ್ಡ್ ಬಟ್ಲರ್. 2023ರ ಆಲ್ಬಮಿಗೆ ಇಯಾನ್ ರ‍್ಯಾಂಕಿನ್‌ರಂಥ ಲೇಖಕರು ಸಾಹಿತ್ಯ ಬರೆದರು.

ಜನಪ್ರಿಯತೆಯ ಪಟ್ಟಿಯಲ್ಲಿ ಮೇಲೇರದ ವರ್ಷಗಳನ್ನೆಲ್ಲ ಖಾಲಿ ಎಂದು ಬರೆಯುವ ಮುನ್ನ ಆ ಬರಹದ ಲೇಖಕರು ಇಷ್ಟನ್ನಾದರೂ ಕೇಳಬೇಕಿತ್ತು, ಓದಬೇಕಿತ್ತು.