ಶಾಲೆಯ ಬೊಕ್ಕಸ ಯಾರ ವಶ?

1950ರ ಸಂವಿಧಾನವು ಶಿಕ್ಷಣವನ್ನು ರಾಜ್ಯಗಳ ಪಟ್ಟಿಯಲ್ಲಿರಿಸಿತ್ತು. 1976ರ ತಿದ್ದುಪಡಿಯು ಅದನ್ನು ಸಮವರ್ತಿ ಪಟ್ಟಿಗೆ ಸೇರಿಸಿತು. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯ ವೆಚ್ಚದಲ್ಲಿ ನೂರಕ್ಕೆ 60 ಪಾಲು ಕೇಂದ್ರದ್ದು, 40 ಪಾಲು ಕರ್ನಾಟಕದ್ದು. ಚೌಕಟ್ಟು ಮಾತ್ರ ದಿಲ್ಲಿಯದೇ.

ಆ ಯೋಜನೆಯ ಶಾಲಾ ಅನುದಾನವು ಮಕ್ಕಳ ಸಂಖ್ಯೆಯನ್ನವಲಂಬಿಸಿದೆ. ದಾಂಡೇಲಿಯಂತಹ ಕಾರ್ಖಾನೆಯ ಪಟ್ಟಣಕ್ಕೆ ಈ ಅಳತೆ ಒಪ್ಪೀತು. ಜೋಯಿಡಾದ ಕಾಡಿನಲ್ಲಾದರೋ ಮನೆಗಳು ಚದುರಿವೆ, ಮಕ್ಕಳು ವಿರಳ. ಮಳೆಯು ಮಕ್ಕಳನ್ನೆಣಿಸಿ ಸುರಿಯುವುದಿಲ್ಲ. ಹತ್ತು ಮಕ್ಕಳ ಶಾಲೆಗೂ ಭದ್ರವಾದ ಮಾಡು ಬೇಕು. ಹಳಿಯಾಳ, ಮುಂಡಗೋಡಗಳ ಎಷ್ಟೋ ಸಿದ್ದಿ ಮಕ್ಕಳು ಮನೆಯಲ್ಲಿ ಕೊಂಕಣಿಯಾಡಿ ಶಾಲೆಗೆ ಬಂದು ಕನ್ನಡ ಕಲಿಯುತ್ತಾರೆ. ಆ ಎರಡು ನುಡಿಗಳನ್ನೂ ಬಲ್ಲ ಶಿಕ್ಷಕನ ಅಗತ್ಯವು ದೂರದ ಕಚೇರಿಯ ಕೋಷ್ಟಕದಲ್ಲಿ ಕಾಣುವುದೆಂತು?

ಆದುದರಿಂದ ಹಣದ ಅಧಿಕಾರವು ರಾಜ್ಯಕ್ಕೆ ಬರುವುದು ಯುಕ್ತವೆಂದೇ ನನ್ನ ಮತ. ಆದರೆ ಕೇಂದ್ರವು ಹೊಣೆಯನ್ನು ವರ್ಗಾಯಿಸಿ ತನ್ನ ಪಾಲನ್ನು ಕಡಿತಗೊಳಿಸಿದರೆ ನಮಗುಳಿಯುವುದು ಬರಿಯ ಭಾರ. ಬಂದ ಹಣ ರಾಜಧಾನಿಯಲ್ಲಿಯೇ ನಿಂತರೂ ಫಲವಿಲ್ಲ. ಜೋಯಿಡಾದ ಪಾಲಿಗೆ ಬೆಂಗಳೂರೂ ದೂರವೇ. ನಮ್ಮ ಸರಕಾರಿ ಶಾಲೆಗಳಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ, ಅವುಗಳಲ್ಲಿ ಪಾಲಕರಿದ್ದಾರೆ. ಷರತ್ತಿಲ್ಲದ ಒಂದು ಪಾಲು ಅವರ ಕೈಸೇರಲಿ. ಮಾಡು ಮೊದಲೋ, ಕೊಂಕಣಿ ಬಲ್ಲ ಶಿಕ್ಷಕ ಮೊದಲೋ ಎಂಬುದನ್ನು ಆ ಊರೇ ನಿರ್ಧರಿಸಲಿ.