ಮಿಕ್ಕಿದ್ದರ ಮಿಗಾಸ್

ಈ ಸಲ ಸೆಮಿಸ್ಟರ್ ರಜೆಯಲ್ಲಿ ಮನೇಲಿ ಮಿಗಾಸ್ ಮಾಡಿದೆ. ಹೆಸರು ಕೇಳಿ ಯಾವುದೋ ಹೊಸ ಗೇಮ್ ಅನ್ಕೋಬೇಡಿ. ಇದು ಅಮೆರಿಕದ ಟೆಕ್ಸಾಸ್‌ನಲ್ಲಿ, ಅದರಲ್ಲೂ ಆಸ್ಟಿನ್ ಊರಲ್ಲಿ ತುಂಬಾ ಫೇಮಸ್ ಆಗಿರೋ ಬೆಳಗಿನ ತಿಂಡಿ. ಮೆಕ್ಕೆಜೋಳದ ಟೋರ್ಟಿಯಾನ ತುಂಡು ಮಾಡಿ ಹುರಿದು, ಈರುಳ್ಳಿ, ಟೊಮೆಟೊ, ಮೆಣಸಿನಕಾಯಿ, ಮೊಟ್ಟೆ ಜೊತೆ ಬೆರೆಸೋದು. ಅಷ್ಟೇ.

ಸ್ಪ್ಯಾನಿಷ್‌ನಲ್ಲಿ ‘ಮಿಗಾಸ್’ ಅಂದ್ರೆ ಬ್ರೆಡ್ಡಿನ ಚೂರುಗಳು. ಸ್ಪೇನ್‌ನಲ್ಲಿ ಕುರಿ ಕಾಯೋರು ಒಣಗಿದ ಬ್ರೆಡ್ಡಿಗೆ ನೀರು ಚಿಮುಕಿಸಿ, ಬೆಳ್ಳುಳ್ಳಿ ಜೊತೆ ಹುರಿದು ತಿಂತಿದ್ರು. ಮೆಕ್ಸಿಕೋ, ಟೆಕ್ಸಾಸ್ ಕಡೆ ಬ್ರೆಡ್ ಜಾಗಕ್ಕೆ ಟೋರ್ಟಿಯಾ ಬಂತು. ನಮ್ಮ ‘ಮಿಗು’ ಪದಕ್ಕೂ ಇದಕ್ಕೂ ಸಂಬಂಧ ಇಲ್ಲ. ಆದ್ರೂ ಮಿಕ್ಕಿದ್ದರಿಂದ ಮಾಡೋ ತಿಂಡಿಗೆ ಇದಕ್ಕಿಂತ ಒಳ್ಳೆ ಹೆಸರು ಕನ್ನಡದಲ್ಲೂ ಸಿಗಲ್ಲ ಅನ್ಸತ್ತೆ.

ಟೆಕ್ಸಾಸ್‌ನಲ್ಲಿರೋ ಚಿಕ್ಕಮ್ಮ ಬಂದಾಗ ಮಾಸಾ ಹಿಟ್ಟಿನ ಪ್ಯಾಕೆಟ್ ತಂದಿದ್ರು. ಇದು ನಮ್ಮ ಅಂಗಡಿಯ ಮೆಕ್ಕೆಜೋಳದ ಹಿಟ್ಟಲ್ಲ. ಕಾಳನ್ನ ಸುಣ್ಣದ ನೀರಲ್ಲಿ ಬೇಯಿಸಿ, ನೆನೆಸಿ, ತೊಳೆದು, ರುಬ್ಬಿ, ಒಣಗಿಸಿ ಮಾಡಿದ ಹಿಟ್ಟು. ಸುಣ್ಣದಿಂದ ಸಿಪ್ಪೆ ಬಿಡತ್ತೆ, ಹಿಟ್ಟು ಅಂಟಿಕೊಳ್ಳತ್ತೆ, ಕಾಳಲ್ಲಿರೋ ನಯಾಸಿನ್ ವಿಟಮಿನ್ ನಮ್ಮ ದೇಹಕ್ಕೆ ಸಿಗತ್ತೆ. ಕೆಮಿಸ್ಟ್ರಿ ಪುಸ್ತಕ ಬರೋದಕ್ಕೆ ಸಾವಿರಾರು ವರ್ಷ ಮೊದಲೇ ಆ ಕಡೆಯ ಜನ ಇದನ್ನ ಕಂಡುಕೊಂಡಿದ್ರು.

ರಾತ್ರಿ ಎಲ್ರೂ ಬಿಸಿ ಟೋರ್ಟಿಯಾ ತಿಂದ್ವಿ. ಆರು ಉಳೀತು. ಬೆಳಗ್ಗೆ ಅಡುಗೆಮನೆಗೆ ಹೋದ್ರೆ ಅಮ್ಮ ಆ ಡಬ್ಬಿ ತಮ್ಮ ಕಡೆ ಎಳ್ಕೊಂಡು, “ನಿಮಗೆಲ್ಲ ಬಿಸಿ ದೋಸೆ ಹಾಕ್ತೀನಿ, ಇದು ನಂಗಿರ್ಲಿ” ಅಂದ್ರು. ತುಂಬಾ ಮಾಮೂಲಿ ಮಾತು. ನಾನು ಹತ್ತೊಂಬತ್ತು ವರ್ಷದಿಂದ ಕೇಳ್ತಾನೇ ಇದೀನಿ. ಆವತ್ತು ಮಾತ್ರ ಯಾಕೋ ಕಿವಿಗೆ ಬಿತ್ತು. ನಮ್ಮನೇಲಿ ತಂಗಳು ಯಾವಾಗ್ಲೂ ಹೋಗೋದು ಒಂದೇ ತಟ್ಟೆಗೆ.

ಡಬ್ಬಿ ಇಸ್ಕೊಂಡು ನಾನೇ ಒಲೆ ಹಚ್ಚಿದೆ. ನಾಲ್ಕು ಜನಕ್ಕೆ ಆರು ಟೋರ್ಟಿಯಾ, ಆರು ಮೊಟ್ಟೆ, ಒಂದು ಈರುಳ್ಳಿ, ಎರಡು ಟೊಮೆಟೊ. ಅಲ್ಲಿ ಹಾಲಪೇನ್ಯೊ ಮೆಣಸಿನಕಾಯಿ ಹಾಕ್ತಾರೆ, ನಾನು ಎರಡು ಹಸಿಮೆಣಸಿನಕಾಯಿ ಹಾಕಿದೆ. ಟೋರ್ಟಿಯಾನ ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಎಣ್ಣೇಲಿ ಗರಿಗರಿ ಹುರಿದು ತೆಗೆದಿಡಿ. ಅದೇ ಬಾಣಲೇಲಿ ಈರುಳ್ಳಿ, ಮೆಣಸಿನಕಾಯಿ, ಆಮೇಲೆ ಟೊಮೆಟೊ ಬಾಡಿಸಿ. ಟೊಮೆಟೊ ನೀರು ಪೂರ್ತಿ ಇಂಗಬೇಕು, ಇಲ್ಲಾಂದ್ರೆ ಎಲ್ಲಾ ಮುದ್ದೆ. ಉರಿ ಸಣ್ಣ ಮಾಡಿ, ಉಪ್ಪು ಹಾಕಿ ಕಲಕಿದ ಮೊಟ್ಟೆ ಸುರೀರಿ. ಅರ್ಧ ಗಟ್ಟಿಯಾದಾಗ ಟೋರ್ಟಿಯಾ ವಾಪಸ್ ಹಾಕಿ, ಮೊಟ್ಟೆ ಪೂರ್ತಿ ಬೆಂದ ಮೇಲೆ ಚೀಸ್, ಕೊತ್ತಂಬರಿ ಉದುರಿಸಿ ಇಳಿಸಿ.

ಪ್ಯಾಕೆಟ್ ಚಿಪ್ಸ್ ಹಾಕಿದ್ರೆ ಆಗಲ್ವಾ ಅಂತ ನನ್ನ ರೂಮ್‌ಮೇಟ್ ಕೇಳ್ದ. ಆಗತ್ತೆ, ಟೆಕ್ಸಾಸ್‌ನಲ್ಲೂ ಹಾಗೆ ಮಾಡೋರಿದಾರೆ. ಆದ್ರೆ ನನ್ನ ಪ್ರಕಾರ ಅದು ತಿಂಡಿಯ ಅರ್ಥಾನೇ ಕಳೆಯೋ ಕೆಲಸ. ಇಲ್ಲಿ ಹಳೇದು ಅನ್ನೋದು ಕೊರತೆ ಅಲ್ಲ, ಅದೇ ಬೇಕಾಗಿರೋದು. ಬಿಸಿ ಟೋರ್ಟಿಯಾದಲ್ಲಿ ನೀರು ಜಾಸ್ತಿ, ಹುರಿದ್ರೆ ಬೇಗ ಗರಿಯಾಗಲ್ಲ. ರಾತ್ರಿಯೆಲ್ಲ ಒಣಗಿದ್ದೇ ಗರಿಯಾಗೋದು.

ಚಿತ್ರಾನ್ನ ಇದೆಯಲ್ಲ ಅಂತೀರಾ? ಇದೆ. ಉಳಿದ ಅನ್ನಕ್ಕೆ ಒಗ್ಗರಣೆ ಹಾಕಿ ಎಲ್ರೂ ತಿಂತೀವಿ. ಅದೂ ಮಿಗಾಸ್ ಥರಾನೇ. ಒಗ್ಗರಣೆ ಹಾಕಿದ್ರೆ ಎಲ್ರಿಗೂ ತಿಂಡಿ, ಹಾಕದೆ ಬಿಟ್ರೆ ಅಮ್ಮಂಗೆ ತಂಗಳು. ವ್ಯತ್ಯಾಸ ಹದಿನೈದು ನಿಮಿಷದ ಕೆಲಸ. ಆ ಕೆಲಸ ನಾವು ಮಾಡಬಹುದು ಅನ್ನೋದೇ ನನ್ನ ವಾದ.

ಆವತ್ತು ನಾಲ್ಕೂ ತಟ್ಟೇಲಿ ಒಂದೇ ತಿಂಡಿ ಇತ್ತು. ಅಮ್ಮ ಎರಡನೇ ಸಲ ಹಾಕಿಸ್ಕೊಂಡ್ರು. ಬಾಣಲೆ ಮಾತ್ರ ಸಿಂಕಲ್ಲಿ ಬಿಟ್ಟು ಫೋನ್ ಹಿಡ್ಕೊಂಡೆ, ಆಮೇಲೆ ನೋಡಿದ್ರೆ ಅಮ್ಮ ತೊಳೆದಿಟ್ಟಿದ್ರು. ಮುಂದಿನ ರಜೆಯಲ್ಲಿ ಅದೂ ನನ್ನ ಕೆಲಸ.