ಮ್ಯೂಸಿಕ್ ಪೀರಿಯಡ್ಡನ್ನು ಗಣಿತಕ್ಕೆ ಕೊಟ್ಟಿದ್ದು ಯಾರು?

ನಮ್ಮ ಕ್ಯಾಂಪಸ್ಸಲ್ಲಿ ಫೆಸ್ಟ್ ಹತ್ತಿರ ಬಂತು ಅಂದ್ರೆ ಸಾಕು, ಒಂದು ಮಾತು ಕೇಳಿಸ್ತಾನೇ ಇರುತ್ತೆ: "ಹೈಸ್ಕೂಲಲ್ಲಿ ಹಾಡ್ತಿದ್ದೆ ಮಗಾ, ಆಮೇಲೆ ಬಿಟ್ಬಿಟ್ಟೆ." ಒಬ್ಬ ತಬಲಾ ಬಿಟ್ಟಿದ್ದಾನೆ, ಒಬ್ಬಳು ಭರತನಾಟ್ಯ ಬಿಟ್ಟಿದ್ದಾಳೆ, ಇನ್ನೊಬ್ಬ ನಾಟಕ ಬಿಟ್ಟಿದ್ದಾನೆ. ಯಾವಾಗ ಬಿಟ್ರಿ ಅಂತ ಕೇಳಿ ನೋಡಿ. ಹೆಚ್ಚಿನವರ ಉತ್ತರ ಒಂದೇ: ಹತ್ತನೇ ಕ್ಲಾಸಿಗೆ ಬಂದಾಗ. ಇಷ್ಟೊಂದು ಜನ ಒಂದೇ ಜಾಗದಲ್ಲಿ ಎಡವುತ್ತಿದ್ದಾರೆ ಅಂದ್ರೆ ತಪ್ಪು ಅವರ ಕಾಲಿನದಲ್ಲ, ಅಲ್ಲೊಂದು ಕಲ್ಲಿದೆ.

ಹೈಸ್ಕೂಲಿನ ಒಂದು ವರ್ಷವನ್ನೇ ತಗೊಳ್ಳಿ. ಜೂನ್‌ನಿಂದ ದಿನಾ ಬೆಳಗ್ಗೆ ನಾಡಗೀತೆ. ಕುವೆಂಪು ಅವರ ಆ ಗೀತೆಯನ್ನು ಎರಡೂವರೆ ನಿಮಿಷದಲ್ಲಿ, ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ಹಾಡಬೇಕು ಅಂತ ಸರ್ಕಾರ 2022ರಲ್ಲಿ ಆದೇಶ ಮಾಡಿತು. ಧಾಟಿ ಯಾವುದು ಅನ್ನೋದಕ್ಕೆ ಎಷ್ಟೋ ವರ್ಷ ಚರ್ಚೆ ಆಯ್ತು, ಅದನ್ನು ಮಕ್ಕಳಿಗೆ ಹೇಳಿಕೊಡೋರು ಯಾರು ಅನ್ನೋ ಪ್ರಶ್ನೆ ಮಾತ್ರ ಅಷ್ಟು ಜೋರಾಗಿ ಕೇಳಿಸಲಿಲ್ಲ. ಆಮೇಲೆ ಆಗಸ್ಟ್ 15ಕ್ಕೆ ದೇಶಭಕ್ತಿಗೀತೆ, ನಂತರ ಪ್ರತಿಭಾ ಕಾರಂಜಿ, ನವೆಂಬರ್ 1ಕ್ಕೆ ರಾಜ್ಯೋತ್ಸವ, ಡಿಸೆಂಬರ್ ಸುಮಾರಿಗೆ ಸ್ಕೂಲ್ ಡೇ. ಜನವರಿ ಬಂತೋ, ಎಲ್ಲಾ ಬಂದ್. ಪಿಟಿ, ಡ್ರಾಯಿಂಗ್, ಮ್ಯೂಸಿಕ್ ಪೀರಿಯಡ್ಡುಗಳೆಲ್ಲಾ ಗಣಿತ, ವಿಜ್ಞಾನದ ಪಾಲು. ಹತ್ತನೇ ಕ್ಲಾಸಿನವರಿಗಂತೂ ಹಲವು ಕಡೆ ಸ್ಕೂಲ್ ಡೇ ಸ್ಟೇಜೇ ಇಲ್ಲ. ಅವರ ಕೆಲಸ ಕುರ್ಚಿ ಜೋಡಿಸೋದು, ಕೆಳಗೆ ಕೂತು ಚಪ್ಪಾಳೆ ಹೊಡೆಯೋದು.

ಪ್ರತಿಭಾ ಕಾರಂಜಿ ಒಳ್ಳೇ ಯೋಜನೆ, ಅದರಲ್ಲಿ ಎರಡು ಮಾತಿಲ್ಲ. ಜನಪದ ಗೀತೆ, ಭಾವಗೀತೆ, ಕವ್ವಾಲಿ, ಮಿಮಿಕ್ರಿ, ಕಂಠಪಾಠ ಎಲ್ಲವೂ ಅಲ್ಲಿದೆ. ಹಳ್ಳಿ ಶಾಲೆಯ ಹುಡುಗಿ ಕ್ಲಸ್ಟರ್ ದಾಟಿ, ತಾಲೂಕು ದಾಟಿ, ಜಿಲ್ಲೆಯವರೆಗೆ ಹೋಗಿ ಹಾಡಿ ಬರೋದು ಸಣ್ಣ ಸಂಗತಿ ಅಲ್ಲ. ಆದ್ರೆ ಅದು ಸ್ಪರ್ಧೆ. ಈಗಾಗಲೇ ಚೆನ್ನಾಗಿ ಹಾಡೋರನ್ನು ಹುಡುಕಿ ಕಳಿಸ್ತಾರೆ. ಉಳಿದ ಮೂವತ್ತೈದು ಮಕ್ಕಳಿಗೆ ಶ್ರುತಿ ಅಂದ್ರೇನು, ತಾಳ ಅಂದ್ರೇನು ಅಂತ ಯಾರೂ ಹೇಳಿರೋದಿಲ್ಲ. ಬಿತ್ತದೇ ಬೆಳೆ ಕೊಯ್ಯೋಕೆ ಹೊರಟ ಹಾಗೆ.

ಬಿತ್ತಿದರೆ ಏನಾಗುತ್ತೆ ಅಂತ ನೋಡಬೇಕಾದ್ರೆ ಉಡುಪಿ ಕಡೆ ಹೋಗಿ. ಅಲ್ಲಿನ ಪ್ರೌಢಶಾಲೆಗಳಲ್ಲಿ ಯಕ್ಷಶಿಕ್ಷಣ ಟ್ರಸ್ಟ್ ಮಕ್ಕಳಿಗೆ ಯಕ್ಷಗಾನ ಕಲಿಸುತ್ತಿದೆ. ಗುರುಗಳು ಶಾಲೆಗೇ ಬರ್ತಾರೆ. ಮಳೆಗಾಲದಲ್ಲಿ ತಾಳ, ಹೆಜ್ಜೆಯಿಂದ ಶುರುವಾದ ಪಾಠ ಮಾತುಗಾರಿಕೆಗೆ ಬಂದು, ವರ್ಷದ ಕೊನೆಯ ಹೊತ್ತಿಗೆ ಪೂರ್ತಿ ವೇಷ ಕಟ್ಟಿಕೊಂಡು ರಂಗಕ್ಕೆ ಏರುವಲ್ಲಿಗೆ ಮುಟ್ಟುತ್ತೆ. ಹಿಂದೆ ಭಾಗವತರು, ಚೆಂಡೆ, ಮದ್ದಳೆ. ಮುಂದೆ ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳು. ಒಂದು ಕಾಲದಲ್ಲಿ ಗಂಡಸರದ್ದೇ ಆಗಿದ್ದ ಈ ರಂಗದಲ್ಲಿ ಈಗ ಹೆಣ್ಣುಮಕ್ಕಳೂ ಕಿರೀಟ ಕಟ್ಟಿಕೊಂಡು ಕುಣೀತಾರೆ.

ಕನ್ನಡ ಸಂಘದವರಾಗಿ ನಮಗೆ ಇನ್ನೊಂದು ವಿಷಯ ಮುಖ್ಯ. ಯಕ್ಷಗಾನದಲ್ಲಿ ಪಾತ್ರಧಾರಿ ಮಾತಾಡುವಾಗ ಇಂಗ್ಲಿಷ್ ಶಬ್ದ ಬರೋ ಹಾಗಿಲ್ಲ. ಎದುರಿನ ಪಾತ್ರ ಕೇಳಿದ ಪ್ರಶ್ನೆಗೆ ತೂಕದ ಕನ್ನಡದಲ್ಲಿ ಉತ್ತರ ಕೊಡಬೇಕು. ಸೆಮಿನಾರಲ್ಲಿ ಎರಡು ನಿಮಿಷ ಕನ್ನಡ ಮಾತಾಡೋಕೆ ತಡವರಿಸುವ ನಮ್ಮ ಪಕ್ಕದಲ್ಲಿ, ಹದಿನಾಲ್ಕರ ಹುಡುಗಿಯೊಬ್ಬಳು ನೂರಾರು ಜನರೆದುರು ಕೃಷ್ಣನಾಗಿ ನಿಂತು ವಾದ ಮಾಡ್ತಾಳೆ. ಇದನ್ನು ಯಾವ ಕೋಚಿಂಗ್ ಸೆಂಟರ್ ಕಲಿಸುತ್ತೆ?

"ಮಾರ್ಕ್ಸ್ ಗತಿ ಏನು?" ಅಂತ ಕೇಳೋರು ಇದ್ದೇ ಇರ್ತಾರೆ. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಹಾಡಿಗೆ ಒಂದೂ ಇಲ್ಲ, ನಿಜ. ನಾವೂ ಮಾರ್ಕ್ಸ್ ತಗೊಂಡೇ ಇಲ್ಲಿಗೆ ಬಂದವರು, ಅದರ ಬೆಲೆ ನಮಗೂ ಗೊತ್ತು. ಆದ್ರೆ ಲೆಕ್ಕ ಹಾಕಿ: ವಾರಕ್ಕೆ 40 ನಿಮಿಷದ ಒಂದು ಪೀರಿಯಡ್, ವರ್ಷಕ್ಕೆ 30 ವಾರ ಅಂತಿಟ್ಟುಕೊಂಡರೆ ಒಟ್ಟು 20 ಗಂಟೆ. ಇಷ್ಟನ್ನು ಕಿತ್ತುಕೊಂಡು ಗಣಿತಕ್ಕೆ ಕೊಟ್ಟರೆ ಎಷ್ಟು ಅಂಕ ಏರುತ್ತೆ? ಏರಿದರೂ, ಏನು ಕಳೆದುಕೊಂಡು ಏರುತ್ತೆ?

ದುಡ್ಡಿರೋ ಮನೆಯ ಮಕ್ಕಳಿಗೆ ಇದರಿಂದ ನಷ್ಟ ಕಡಿಮೆ. ಶಾಲೆಯಲ್ಲಿ ಸಿಗದಿದ್ದರೆ ಸಂಜೆ ಫೀಸ್ ಕಟ್ಟಿ ಕ್ಲಾಸಿಗೆ ಕಳಿಸ್ತಾರೆ, ಮನೆಗೇ ಕೀಬೋರ್ಡ್ ಬರುತ್ತೆ. ಸರ್ಕಾರಿ ಶಾಲೆಯ ಮಗುವಿಗೆ ಆ 40 ನಿಮಿಷ ಹೋದ್ರೆ ಹೋಯ್ತು, ಬೇರೆ ದಾರಿ ಇಲ್ಲ. ಅದಕ್ಕೇ ಇದನ್ನು ಹವ್ಯಾಸದ ಪ್ರಶ್ನೆ ಅಂತ ತಳ್ಳಿಹಾಕೋಕಾಗಲ್ಲ. ಯಾರಿಗೆ ಕಲೆ ಸಿಗುತ್ತೆ, ಯಾರಿಗೆ ಸಿಗಲ್ಲ ಅನ್ನೋದು ಅಪ್ಪನ ಜೇಬಿನ ಮೇಲೆ ತೀರ್ಮಾನ ಆಗಬಾರದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಠ್ಯ ಮತ್ತು ಪಠ್ಯೇತರದ ನಡುವೆ ಗೋಡೆ ಇರಬಾರದು ಅಂತ ಹೇಳುತ್ತೆ. ನೀತಿಯ ಬಗ್ಗೆ ನೂರು ತಕರಾರು ಇರಬಹುದು, ಈ ಮಾತಿಗೆ ಮಾತ್ರ ಯಾರದ್ದೂ ತಕರಾರಿಲ್ಲ. ಹಾಗಿದ್ದೂ ಗೋಡೆ ನಿಂತೇ ಇದೆ.

ಎಂಜಿನಿಯರಿಂಗ್ ಓದೋರಿಗೆ ಇದೆಲ್ಲಾ ಯಾಕೆ ಅಂತೀರಾ? ಮೃದಂಗದ ನಡುವೆ ಬಳಿದ ಕಪ್ಪು ಕರಣೆಯಿಂದ ಅದರ ನಾದ ಸ್ವರಬದ್ಧವಾಗುತ್ತೆ ಅಂತ ಸಿ.ವಿ. ರಾಮನ್ 1920ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಬರೆದು ತೋರಿಸಿದರು. ಫಿಸಿಕ್ಸ್ ಲ್ಯಾಬಲ್ಲಿ ಕಂಪನದ ಪ್ರಯೋಗ ಮಾಡಿ ರೆಕಾರ್ಡ್ ಬರೆಯೋ ನಾವು, ಅದೇ ಕಂಪನವನ್ನು ಕಿವಿಯಿಂದ ಕೇಳೋ ಅಭ್ಯಾಸವನ್ನು ಹೈಸ್ಕೂಲಲ್ಲೇ ಬಿಟ್ಟು ಬಂದಿದ್ದೇವೆ.

ಹಾಗಾಗಿ ನಮ್ಮ ಬೇಡಿಕೆ ಮೂರೇ. ಒಂದು, ಶಾಲೆಗಳು ಹತ್ತನೇ ಕ್ಲಾಸಿನವರನ್ನು ಸ್ಟೇಜಿನಿಂದ ಇಳಿಸಬಾರದು. ಒಂದು ಹಾಡಿನ ಪ್ರಾಕ್ಟೀಸಿಗೆ ಯಾರ ರಿಸಲ್ಟೂ ಮುಳುಗಲ್ಲ. ಎರಡು, ಸಂಗೀತ ಶಿಕ್ಷಕರಿಲ್ಲದ ಕಡೆ ಊರಿನ ಕಲಾವಿದರನ್ನೇ ಗೌರವಧನ ಕೊಟ್ಟು ಕರೆಸಬೇಕು. ಭಜನಾ ಮಂಡಳಿಯ ಹಾರ್ಮೋನಿಯಂ ಮೇಷ್ಟ್ರು, ಡೊಳ್ಳು ಬಾರಿಸೋರು, ಸೋಬಾನೆ ಹಾಡೋ ಅಜ್ಜಿ, ಇಂಥವರು ಇಲ್ಲದ ಊರು ಕಡಿಮೆ.

ಮೂರನೆಯದು ನಮ್ಮನಿಮ್ಮದೇ. ನಮ್ಮ ಹಾಸ್ಟೆಲ್ಲಿಂದ ನಡೆದು ಹೋಗುವಷ್ಟು ದೂರದಲ್ಲೇ ಸರ್ಕಾರಿ ಪ್ರೌಢಶಾಲೆ ಇದೆ. ತಿಂಗಳಿಗೆ ಎರಡು ಶನಿವಾರ ಸಂಘದಿಂದ ನಾಲ್ಕು ಜನ ಹೋದರೂ ಒಂದು ವರ್ಷದಲ್ಲಿ ಆ ಮಕ್ಕಳಿಗೆ ಐದಾರು ಹಾಡು, ಒಂದು ಪುಟ್ಟ ನಾಟಕ ಕಲಿಸಬಹುದು. ಪೆನ್‌ಡ್ರೈವ್‌ನ ಟ್ರ್ಯಾಕ್ ಬೇಡ, ಬಾಯಲ್ಲಿ ಹಾಡು, ಕೈಯಲ್ಲಿ ತಾಳ ಸಾಕು. ಹೆಡ್‌ಮಾಸ್ಟರ್ ಅವರ ಅನುಮತಿ ಕೇಳುವ ಪತ್ರವನ್ನು ನಾವು ಬರೀತೀವಿ. ಹಾಡೋಕೆ, ಬಾರಿಸೋಕೆ, ಕುಣಿಯೋಕೆ ಗೊತ್ತಿರೋರು, ಮುಖ್ಯವಾಗಿ "ಆಮೇಲೆ ಬಿಟ್ಬಿಟ್ಟೆ" ಅನ್ನೋರು, ಇಂಟರ್ನಲ್ಸ್ ಮುಗಿದ ಮೇಲೆ ಸಂಘದ ರೂಮಿಗೆ ಬಂದು ಹೆಸರು ಕೊಡಿ.